ಇನ್ನೂರ ಒಂದು ಅಂಕಿಗಳ ಒಂದು ಸಂಖ್ಯೆ

ಗಣಿತವೆಂಬ ಮೂರು ಅಕ್ಷರಗಳನ್ನು ಕಂಡೊಡನೆಯೇ ನಮ್ಮ ಕಲಾ ವಿಭಾಗದ ಮಿತ್ರರಲ್ಲಿ ಬಹುಮಂದಿ ಪುಟವನ್ನು ಮಗುಚಿಬಿಡುವರೆಂಬುದನ್ನು ನಾನು ಬಲ್ಲೆ. ನಾನೂ ಆ ಪಂಗಡದವಳೇ. ಹೈಸ್ಕೂಲು ಮುಗಿಸಿ ಕಲಾ ವಿಭಾಗಕ್ಕೆ ಸೇರಿದಾಗ ಇತಿಹಾಸದ ಮೇಲಿನ ಪ್ರೀತಿ ಎಷ್ಟಿತ್ತೋ, ಲೆಕ್ಕದಿಂದ ಬಿಡುಗಡೆಯಾಯಿತೆಂಬ ಸಂತೋಷವೂ ಅಷ್ಟೇ ಇತ್ತು. ಅಂಥವಳು ಈ ಸಂಚಿಕೆಗೆ ಒಂದು ಸಂಖ್ಯೆಯ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಬಲ್ಲವರು ನಗಬಹುದು. ಆದರೂ ಬರೆಯಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳಿ, ಆಮೇಲೆ ಸಂಖ್ಯೆಯ ಕಡೆಗೆ ಬರುತ್ತೇನೆ.

ನಮ್ಮೂರು ಮಾಗಡಿ ಸೀಮೆಯ ಗುಡೇಮಾರನಹಳ್ಳಿ. ಕಳೆದ ದಸರೆಯ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದು ಬಗೆಯ ಮೌನ ಕವಿದಿತ್ತು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ತಮ್ಮನಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಎಂಬತ್ತಕ್ಕೆ ಹದಿಮೂರು ಅಂಕ ಬಂದಿತ್ತು. ಅವನು ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಕಳವಳವನ್ನುಂಟುಮಾಡಿತು. "ಇನ್ನು ಓದಲ್ಲ ಅಕ್ಕ. ಪರೀಕ್ಷೆಗೂ ಕೂರಲ್ಲ. ಅಪ್ಪನ ಜೊತೆ ಹೊಲಕ್ಕೆ ಹೋಗ್ತೀನಿ" ಎಂದುಬಿಟ್ಟ. ಹೊಲಕ್ಕೆ ಹೋಗುವುದು ಹೀನವಾದ ಕೆಲಸವೇನಲ್ಲ. ಆದರೆ ಅವನು ಹೊಲವನ್ನು ಬಯಸಿ ಹೊರಟವನಲ್ಲ, ಲೆಕ್ಕಕ್ಕೆ ಹೆದರಿ ಹೊರಟವನು.

ಆ ಸಂಜೆ ಮಾತಿಗೆ ಮಾತು ಬೆಳೆದು ಶಕುಂತಲಾದೇವಿಯವರ ಹೆಸರು ಬಂದಿತು. ಅವನ ಬಳಿ ಅವರ ವಿಷಯವಾಗಿ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಒಂದು ಬರಹವಿತ್ತು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಜ್ಜಿ, "ಆಯಮ್ಮನ ನಾಲಿಗೆ ಮ್ಯಾಲೆ ಸರಸೋತಿ ಬರೆದಿದ್ಲು ಕಣಪ್ಪ" ಎಂದಳು. ತಮ್ಮ ಕೂಡಲೇ, "ನೋಡ್ದಾ ಅಕ್ಕ, ನಮ್ಮ ನಾಲಿಗೆ ಮೇಲೆ ಬರೆದಿಲ್ಲ. ಬರೆಸಿಕೊಂಡೋರಿಗೆ ಬರುತ್ತೆ, ಇಲ್ಲದೋರಿಗೆ ಬರಲ್ಲ" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ನಾನೂ ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡಲ್ಲವೇ ಕಲಾ ವಿಭಾಗಕ್ಕೆ ಬಂದದ್ದು?

ಶಕುಂತಲಾದೇವಿಯವರನ್ನು ಕುರಿತು ವಾಚಕರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವರು 1929ರ ನವೆಂಬರ್ 4ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸರ್ಕಸ್ಸಿನಲ್ಲಿದ್ದವರು. ಮಗಳಿಗೆ ಮೂರು ವರ್ಷವಾಗಿದ್ದಾಗ ಇಸ್ಪೀಟೆಲೆಯ ಆಟವೊಂದನ್ನು ಕಲಿಸಹೋಗಿ, ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಅವಳ ಶಕ್ತಿಯನ್ನು ಕಂಡರಂತೆ. ಕ್ರಮವಾದ ಶಾಲಾಶಿಕ್ಷಣವಿಲ್ಲದೆ ಬೆಳೆದ ಆ ಬಾಲಕಿ 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದಳು. ಮುಂದೆ ದೇಶದೇಶಗಳನ್ನು ಸುತ್ತಿದಳು. 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದನ್ನು ಅವರ ಮುಂದಿಟ್ಟು, ಅದರ 23ನೆಯ ಮೂಲವನ್ನು ಹೇಳಬೇಕೆಂದು ಕೇಳಿದರು. ಅವರು 50 ಸೆಕೆಂಡುಗಳಲ್ಲಿ ಹೇಳಿದರು. ಉತ್ತರ ಸರಿಯೇ ಎಂದು ನೋಡಲು ಯೂನಿವ್ಯಾಕ್ ಕಂಪ್ಯೂಟರಿಗೆ 62 ಸೆಕೆಂಡು ಹಿಡಿಯಿತೆಂದು ಹೇಳುತ್ತಾರೆ. ಅವರು 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಆ ಸಂಖ್ಯೆಯನ್ನು ಇಲ್ಲಿ ಪೂರ್ಣವಾಗಿ ಕೊಡುತ್ತೇನೆ. ಓದಲು ಅನುಕೂಲವಾಗಲೆಂದು ಮೂರು ಮೂರು ಅಂಕಿಗಳ ಗುಂಪು ಮಾಡಿದ್ದೇನೆ. ಒಟ್ಟು 67 ಗುಂಪುಗಳು.

916 748 676 920 039 158 098 660 927 585
380 162 483 106 680 144 308 622 407 126
516 427 934 657 040 867 096 593 279 205
767 480 806 790 022 783 016 354 924 852
380 335 745 316 935 111 903 596 577 547
340 075 681 688 305 620 821 016 129 132
845 564 805 780 158 806 771

ಮರುದಿನ ಬೆಳಿಗ್ಗೆ ಈ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಊರಿನಲ್ಲಿರುವ ನಿವೃತ್ತ ಗಣಿತದ ಮೇಷ್ಟ್ರ ಮನೆಗೆ ತಮ್ಮನನ್ನು ಕರೆದುಕೊಂಡು ಹೋದೆ. "ಮೇಷ್ಟ್ರೇ, ಇದರ ಮೂಲ ತೆಗೆಯೋದು ನಮ್ಮಂಥೋರಿಗೆ ಸಾಧ್ಯವೇ?" ಎಂದೆ. ಅವರು ಹಾಳೆಯನ್ನು ನೋಡಿ, "ಐವತ್ತು ಸೆಕೆಂಡಿಗೆ ಆಗಲ್ಲಮ್ಮ. ಎರಡು ದಿನ ಕೊಟ್ಟರೆ ನೀವಿಬ್ಬರೇ ತೆಗೀಬಹುದು" ಎಂದರು. ನಾವು ಅವರು ತಮಾಷೆ ಮಾಡುತ್ತಿದ್ದಾರೆಂದುಕೊಂಡೆವು. ಅವರು ಒಳಗೆ ಹೋಗಿ ಹಳೆಯ ಕ್ಲಾರ್ಕ್ ಟೇಬಲ್ ಪುಸ್ತಕವೊಂದನ್ನು ತಂದು ತಮ್ಮನ ಕೈಗಿತ್ತರು. ಎರಡು ದಿನಗಳಲ್ಲಿ ನಾವು ಅವರಿಂದ ತಿಳಿದುಕೊಂಡದ್ದೇ ಈ ಲೇಖನದ ವಿಷಯ. ತಪ್ಪುಗಳಿದ್ದರೆ ಅವು ನನ್ನವು.

ಮೊದಲು ಎರಡು ಮಾತುಗಳ ಅರ್ಥ. 2, 3, 5, 7, 11 ಇಂಥವು ತಮ್ಮಿಂದ ಮತ್ತು ಒಂದರಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ; ಇವು ಅವಿಭಾಜ್ಯ ಸಂಖ್ಯೆಗಳು. ಚಿಕ್ಕ ಸಂಖ್ಯೆಗಳನ್ನು ಗುಣಿಸಿ ಪಡೆಯಬಹುದಾದ 6, 15, 91 ಮೊದಲಾದವು ಸಂಯುಕ್ತ ಸಂಖ್ಯೆಗಳು. ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಗುಣಿಸಿದರೆ ಬರುವುದು ಅದರ ಘಾತ. ಐದನ್ನು ಮೂರು ಸಲ ಇಟ್ಟು ಗುಣಿಸಿದರೆ 125. ಇದು ಐದರ ಮೂರನೆಯ ಘಾತ, ಐದು ಇದರ ಘನಮೂಲ. ಡಲ್ಲಾಸಿನ ಸಂಖ್ಯೆಯು ಒಂದು ಮಹಾ ಸಂಯುಕ್ತ ಸಂಖ್ಯೆ. ಆದರೆ ಅದು ಹೇಗೆಂದರೆ ಹಾಗೆ ಕಟ್ಟಿದ್ದಲ್ಲ; ಒಂದೇ ಸಂಖ್ಯೆಯನ್ನು 23 ಸಲ ಇಟ್ಟು ಗುಣಿಸಿ ಕಟ್ಟಿದ್ದು. ಮೂಲವು ಪೂರ್ಣಾಂಕವೇ ಎಂಬುದು ಕೇಳುವವರಿಗೂ ಹೇಳುವವರಿಗೂ ಮೊದಲೇ ಗೊತ್ತು. ಮುಂದಿನದೆಲ್ಲಕ್ಕೂ ಇದೇ ಬೀಗದ ಕೈ.

ಚಿಕ್ಕದೊಂದು ಉದಾಹರಣೆಯಿಂದ ಆರಂಭಿಸೋಣ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಶಕುಂತಲಾದೇವಿಯವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲವನ್ನು ಕೇಳಿದಾಗ, ಜೆನ್ಸನ್ನರು ಪ್ರಶ್ನೆಯನ್ನು ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುವ ಮೊದಲೇ 395 ಎಂಬ ಉತ್ತರ ಬಂದಿತ್ತು. ನಾವು ನಿಧಾನವಾಗಿ ನೋಡೋಣ. 390ರ ಘನ 5,93,19,000. 400ರ ಘನ 6,40,00,000. ಕೊಟ್ಟ ಸಂಖ್ಯೆ ಇವೆರಡರ ನಡುವೆ ಇದೆ. ಆದ್ದರಿಂದ ಮೂಲವು 39ರಿಂದ ಆರಂಭವಾಗಬೇಕು. ಕೊನೆಯ ಅಂಕಿ 5. ಐದರಲ್ಲಿ ಕೊನೆಗೊಳ್ಳುವ ಸಂಖ್ಯೆಯ ಘನ ಮಾತ್ರವೇ ಐದರಲ್ಲಿ ಕೊನೆಗೊಳ್ಳುತ್ತದೆ. ಉತ್ತರ 395. ಮುಂಭಾಗವು ಸಂಖ್ಯೆಯ ಗಾತ್ರದಿಂದ ತಿಳಿಯಿತು, ಹಿಂಭಾಗವು ಕೊನೆಯ ಅಂಕಿಯಿಂದ ತಿಳಿಯಿತು. ಇದನ್ನು ಮೇಷ್ಟ್ರು ಹೇಳಿದಾಗ ತಮ್ಮ ಮೊದಲ ಬಾರಿಗೆ ಹಾಳೆಯ ಕಡೆಗೆ ಬಗ್ಗಿದ.

ಈಗ ದೊಡ್ಡ ಸಂಖ್ಯೆಗೆ ಬರೋಣ. ಅದರ ಮೂಲಕ್ಕೆ ಎಷ್ಟು ಅಂಕಿಗಳಿರಬೇಕು? ಹತ್ತು ಕೋಟಿಯ 23ನೆಯ ಘಾತಕ್ಕೆ 185 ಅಂಕಿಗಳು. ನೂರು ಕೋಟಿಯ 23ನೆಯ ಘಾತಕ್ಕೆ 208 ಅಂಕಿಗಳು. ನಮ್ಮದು 201 ಅಂಕಿಗಳದ್ದಾದ್ದರಿಂದ ಮೂಲವು ಇವೆರಡರ ನಡುವೆ ಇರಬೇಕು, ಎಂದರೆ ಒಂಬತ್ತು ಅಂಕಿಗಳದ್ದಾಗಿರಬೇಕು. 201 ಅಂಕಿಗಳ ಭಯ ಇಲ್ಲಿಗೇ ಒಂಬತ್ತು ಅಂಕಿಗಳಿಗೆ ಇಳಿಯಿತು. ಈ ಒಂಬತ್ತನ್ನು ಮೊದಲ ಮೂರು, ನಡುವಣ ಮೂರು, ಕೊನೆಯ ಮೂರು ಎಂದು ಪಾಲು ಮಾಡಿಕೊಂಡೆವು.

ಮೊದಲ ಮೂರನ್ನು ಲಘುಗಣಕದ ಪಟ್ಟಿ ಕೊಡುತ್ತದೆ. ಲಾಗ್ ಎಂಬುದು ಗುಣಾಕಾರವನ್ನು ಕೂಡುವಿಕೆಯಾಗಿಯೂ, ಘಾತವನ್ನು ಬರಿಯ ಗುಣಾಕಾರವಾಗಿಯೂ, ಮೂಲ ತೆಗೆಯುವುದನ್ನು ಭಾಗಾಕಾರವಾಗಿಯೂ ಇಳಿಸುವ ಉಪಾಯ. ನಮ್ಮ ಸಂಖ್ಯೆ 9.167 ಎಂದು ಆರಂಭವಾಗಿ ಆಮೇಲೆ 200 ಸ್ಥಾನ ಮುಂದೆ ಹೋಗುತ್ತದೆ. 9.167ರ ಲಾಗ್ ಪಟ್ಟಿಯಲ್ಲಿ 0.9622. ಆದುದರಿಂದ ಇಡೀ ಸಂಖ್ಯೆಯ ಲಾಗ್ 200.9622. ಇದನ್ನು 23ರಿಂದ ಭಾಗಿಸಿದರೆ 8.7375. ಪಟ್ಟಿಯನ್ನು ಹಿಂದಿರುಗಿಸಿ ನೋಡಿದರೆ 0.7375ಕ್ಕೆ ಎದುರಾಗಿ 5.464 ಇದೆ. ಮೂಲವು ಸುಮಾರು 54 ಕೋಟಿ 64 ಲಕ್ಷ. ನಾಲ್ಕನೆಯ ಅಂಕಿಯಲ್ಲಿ ಸ್ವಲ್ಪ ವ್ಯತ್ಯಾಸವಿರಬಹುದು. ಮೊದಲ ಮೂರು ಅಂಕಿ 546 ಎಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. 23ನೆಯ ಮೂಲವೆಂದರೆ ವರ್ಗಮೂಲಕ್ಕಿಂತ ಬಹಳ ಕಠಿಣವೆಂದು ಯಾರಿಗಾದರೂ ತೋರುವುದು ಸಹಜ. ನಿಜವಾಗಿ ನೋಡಿದರೆ, ಲಾಗ್‌ನಲ್ಲಿ ನಾವು ಮಾಡುವ ಸಣ್ಣ ತಪ್ಪು ಕೂಡ 23ರಿಂದ ಭಾಗವಾಗಿ ಇನ್ನೂ ಸಣ್ಣದಾಗುತ್ತದೆ. ವರ್ಗಮೂಲದಲ್ಲಿಯಾದರೆ ಅದು ಎರಡರಿಂದ ಮಾತ್ರ ಭಾಗವಾಗುತ್ತಿತ್ತು. ನಮ್ಮನ್ನು ಬೆಚ್ಚಿಬೀಳಿಸಿದ ಇಪ್ಪತ್ತಮೂರೇ ನಮಗೆ ಸಹಾಯಕವಾಯಿತು.

ಇನ್ನು ಕೊನೆಯ ಮೂರು. ಎರಡು ಸಂಖ್ಯೆಗಳನ್ನು ಗುಣಿಸುವಾಗ ಗುಣಲಬ್ಧದ ಕೊನೆಯ ಮೂರು ಅಂಕಿಗಳು ಆ ಸಂಖ್ಯೆಗಳ ಕೊನೆಯ ಮೂರು ಅಂಕಿಗಳನ್ನು ಮಾತ್ರ ಅವಲಂಬಿಸಿರುತ್ತವೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲಿಯೂ ಕೊನೆಯ ಮೂರನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡಬಹುದು. ನಮ್ಮ ದೊಡ್ಡ ಸಂಖ್ಯೆಯ ಕೊನೆಯ ಅಂಕಿ 1. ಒಂದು ಸಂಖ್ಯೆಯ 23ನೆಯ ಘಾತದ ಬಿಡಿಸ್ಥಾನವು ಅದರ ಘನದ ಬಿಡಿಸ್ಥಾನವೇ ಆಗಿರುತ್ತದೆ. ಏಕೆಂದರೆ ಬಿಡಿಸ್ಥಾನದ ಅಂಕಿ ನಾಲ್ಕು ಘಾತಗಳಿಗೊಮ್ಮೆ ತಿರುಗಿ ಬರುತ್ತದೆ. ಘನವು ಒಂದರಲ್ಲಿ ಕೊನೆಯಾಗಬೇಕಾದರೆ ಮೂಲವೂ ಒಂದರಲ್ಲೇ ಕೊನೆಯಾಗಬೇಕು.

ಮುಂದೆ ಹತ್ತರ ಸ್ಥಾನ. 01, 11, 21 ಎಂದು 91ರವರೆಗೆ ಹತ್ತು ಅಂತ್ಯಗಳು ಸಾಧ್ಯ. ಇವುಗಳ 23ನೆಯ ಘಾತಗಳು ಕ್ರಮವಾಗಿ 01, 31, 61, 91, 21, 51, 81, 11, 41, 71 ಎಂದು ಕೊನೆಯಾಗುತ್ತವೆ. ಪ್ರತಿ ಸಲವೂ 30 ಕೂಡುತ್ತ ಹೋಗಿ ನೂರನ್ನು ಬಿಟ್ಟರಾಯಿತು. ನಮಗೆ ಬೇಕಾದದ್ದು 71. ಅದು 91ರ ಎದುರಿಗಿದೆ, ಬೇರೆಲ್ಲಿಯೂ ಇಲ್ಲ.

ನೂರರ ಸ್ಥಾನಕ್ಕೆ ಸ್ವಲ್ಪ ಕೈಲೆಕ್ಕ ಬೇಕು. 91ನ್ನು 91ರಿಂದ ಗುಣಿಸಿದರೆ 8281, 281 ಉಳಿಸಿಕೊಳ್ಳೋಣ. ಅದರ ವರ್ಗದಿಂದ 961, ಅದರ ವರ್ಗದಿಂದ 521, ಅದರ ವರ್ಗದಿಂದ 441. ಇವು 91ರ ಎರಡನೆಯ, ನಾಲ್ಕನೆಯ, ಎಂಟನೆಯ, ಹದಿನಾರನೆಯ ಘಾತಗಳ ಅಂತ್ಯಗಳು. 16, 4, 2, 1 ಇವನ್ನು ಕೂಡಿದರೆ 23. ಆದ್ದರಿಂದ 441, 961, 281, 91 ಇವನ್ನು ಗುಣಿಸಿ ಕೊನೆಯ ಮೂರನ್ನು ಉಳಿಸಿಕೊಂಡರೆ 371 ಬರುತ್ತದೆ. ನಮಗೆ ಬೇಕಾದದ್ದು 771. ಮೂಲಕ್ಕೆ ಒಂದೊಂದು ನೂರನ್ನು ಕೂಡಿದಾಗಲೂ ಘಾತದ ಅಂತ್ಯಕ್ಕೆ 300 ಕೂಡುತ್ತದೆ. 191ಕ್ಕೆ 671, 291ಕ್ಕೆ 971, 391ಕ್ಕೆ 271, 491ಕ್ಕೆ 571, 591ಕ್ಕೆ 871, 691ಕ್ಕೆ 171, 791ಕ್ಕೆ 471, 891ಕ್ಕೆ 771. ಸಿಕ್ಕಿತು! ಮೂಲದ ಕೊನೆಯ ಮೂರು ಅಂಕಿಗಳು 891. ಇದನ್ನು ತಮ್ಮನೇ ಕಂಡುಹಿಡಿದ. 300 ಕೂಡುವುದಕ್ಕೆ ಅವನಿಗೆ ಯಾರ ವರವೂ ಬೇಕಾಗಲಿಲ್ಲ.

ಈಗ 546 ಗೊತ್ತು, 891 ಗೊತ್ತು. ನಡುವಣ ಮೂರು ಉಳಿದವು. ಮುಂಭಾಗದ ಬೆಳಕು ಅಲ್ಲಿಯವರೆಗೆ ಬರಲಿಲ್ಲ. ಹಿಂಭಾಗದ ಬೆಳಕೂ ಸಾಲಲಿಲ್ಲ. ಮೊದಲನೆಯ ದಿನ ಇಲ್ಲಿಗೇ ನಿಂತೆವು. ಮರುದಿನ ಮೇಷ್ಟ್ರು, "ಏಳು, ಹನ್ನೊಂದು, ಹದಿಮೂರನ್ನು ಗುಣಿಸಿ ನೋಡಿ" ಎಂದರು. ಗುಣಿಸಿದೆವು: 1001.

ಈ 1001 ಬಹು ಉಪಕಾರಿಯಾದ ಸಂಯುಕ್ತ ಸಂಖ್ಯೆ. ಸಾವಿರವೆಂದರೆ 1001ಕ್ಕೆ ಒಂದು ಕಡಿಮೆ. ಆದ್ದರಿಂದ ಎಷ್ಟೇ ದೊಡ್ಡ ಸಂಖ್ಯೆಯಾಗಲಿ, ಅದನ್ನು ಮೂರು ಮೂರು ಅಂಕಿಗಳ ಗುಂಪು ಮಾಡಿ, ಬಲಗಡೆಯಿಂದ ಒಂದು ಗುಂಪನ್ನು ಕೂಡುತ್ತ ಮುಂದಿನದನ್ನು ಕಳೆಯುತ್ತ ಹೋದರೆ, ಕೊನೆಗೆ ಉಳಿಯುವುದಕ್ಕೂ ಮೊದಲಿನ ಸಂಖ್ಯೆಗೂ 1001ರಿಂದ ಭಾಗಿಸಿದಾಗ ಒಂದೇ ಶೇಷ ಬರುತ್ತದೆ. ಏಳು, ಹನ್ನೊಂದು, ಹದಿಮೂರಕ್ಕೂ ಇದೇ ಮಾತು ಸಲ್ಲುತ್ತದೆ.

ಅಂಕಿಗಳ ಇಂಥ ಮೈತ್ರಿಯನ್ನು ಕಂಡು ಸಂತೋಷಪಡುವುದು ನಮ್ಮ ನಾಡಿಗೆ ಹೊಸತಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನು 1,52,207ನ್ನು 73ರಿಂದ ಗುಣಿಸಿದರೆ 1,11,11,111 ಬರುವಂಥ ಲೆಕ್ಕಗಳನ್ನು ಕೊಟ್ಟು, ಆ ಗುಣಲಬ್ಧಗಳನ್ನು ಕೊರಳ ಹಾರಗಳಿಗೆ ಹೋಲಿಸಿದ್ದಾನೆ. ಎಂಟು ಒಂದುಗಳ ಆ ಹಾರವನ್ನು ಬಿಡಿಸಿದರೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯ ಮಣಿಗಳು ಸಿಗುತ್ತವೆ. ಹೊರಗೆ ಎಷ್ಟು ಸರಳವೋ ಒಳಗೆ ಅಷ್ಟು ಅನಿರೀಕ್ಷಿತ!

ಅಂದು ರಾತ್ರಿ ನಾವು 67 ಗುಂಪುಗಳನ್ನು ಕೂಡಲು ಕುಳಿತೆವು. ತಮ್ಮ ಓದಿ ಹೇಳುವುದು, ನಾನು ಬರೆಯುವುದು. ಕರೆಂಟು ಹೋಗಿ ಬುಡ್ಡಿ ಹಚ್ಚಿಕೊಂಡೆವು. ಮೊದಲ ಸಲ ಎಲ್ಲೋ ತಪ್ಪಿತು. ನಡುವೆ ಒಂದು ಗುಂಪನ್ನು ಹಾರಿಸಿದ್ದೆವು. ಎರಡನೆಯ ಸಲ ಅಜ್ಜಿ, ರಾಗಿ ಅಳೆಯುವಾಗ ಬಳ್ಳಕ್ಕೊಂದು ಕಾಳು ಬದಿಗಿಡುವಂತೆ, ಗುಂಪಿಗೊಂದು ಅವರೆಕಾಳು ಇಡುತ್ತ ಲೆಕ್ಕ ಹಿಡಿದಳು. ಮೊದಲನೆಯ, ಮೂರನೆಯ, ಐದನೆಯ ಹೀಗೆ ಬೆಸ ಗುಂಪುಗಳ ಮೊತ್ತ 17,709. ಸಮ ಗುಂಪುಗಳ ಮೊತ್ತ 15,825. ವ್ಯತ್ಯಾಸ 1,884; ಅದರಿಂದ 1001 ಕಳೆದರೆ 883. ಇದನ್ನು ಏಳರಿಂದ ಭಾಗಿಸಿದರೆ ಶೇಷ 1, ಹನ್ನೊಂದರಿಂದ 3, ಹದಿಮೂರರಿಂದ 12.

ಇವು ದೊಡ್ಡ ಸಂಖ್ಯೆಯ ಶೇಷಗಳು. ಮೂಲದ ಶೇಷಗಳನ್ನು ಇವುಗಳಿಂದ ತಿಳಿಯುವುದು ಹೇಗೆ? ಇಲ್ಲಿ ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಒಂದು ಸೂತ್ರ ನೆರವಿಗೆ ಬರುತ್ತದೆ. ಏಳರಿಂದ ಭಾಗವಾಗದ ಯಾವ ಸಂಖ್ಯೆಯ ಆರನೆಯ ಘಾತವನ್ನಾದರೂ ಏಳರಿಂದ ಭಾಗಿಸಿದರೆ ಶೇಷ ಒಂದೇ. ಹಾಗೆಯೇ ಹನ್ನೊಂದಕ್ಕೆ ಹತ್ತನೆಯ ಘಾತ, ಹದಿಮೂರಕ್ಕೆ ಹನ್ನೆರಡನೆಯ ಘಾತ. ಅವಿಭಾಜ್ಯ ಸಂಖ್ಯೆಗಳೆಲ್ಲದರ ಗುಣವಿದು.

ಇಪ್ಪತ್ತನಾಲ್ಕು ಎಂಬುದು ಆರರ ಮಗ್ಗಿಯಲ್ಲಿಯೂ ಇದೆ, ಹನ್ನೆರಡರ ಮಗ್ಗಿಯಲ್ಲಿಯೂ ಇದೆ. ಆದ್ದರಿಂದ ಮೂಲದ 24ನೆಯ ಘಾತವನ್ನು ಏಳರಿಂದಾಗಲಿ ಹದಿಮೂರರಿಂದಾಗಲಿ ಭಾಗಿಸಿದರೆ ಶೇಷ ಒಂದು. 24ನೆಯ ಘಾತವೆಂದರೆ ನಮ್ಮ ದೊಡ್ಡ ಸಂಖ್ಯೆಯನ್ನು ಇನ್ನೊಮ್ಮೆ ಮೂಲದಿಂದ ಗುಣಿಸಿದ್ದು. ಏಳರ ಲೆಕ್ಕದಲ್ಲಿ ದೊಡ್ಡ ಸಂಖ್ಯೆಯ ಶೇಷ 1. ಅದನ್ನು ಯಾವುದರಿಂದ ಗುಣಿಸಿದರೆ ಒಂದು ಬರುತ್ತದೆ? ಒಂದರಿಂದ. ಹದಿಮೂರರ ಲೆಕ್ಕದಲ್ಲಿ ಶೇಷ 12. ಹನ್ನೆರಡನ್ನು ಹನ್ನೆರಡರಿಂದ ಗುಣಿಸಿದರೆ 144, ಎಂದರೆ 143ಕ್ಕೆ ಒಂದು ಹೆಚ್ಚು. 143 ಹದಿಮೂರರ ಮಗ್ಗಿಯದು. ಆದ್ದರಿಂದ ಮೂಲದ ಶೇಷ 12. ಹನ್ನೊಂದರ ಲೆಕ್ಕದಲ್ಲಿ ಇಪ್ಪತ್ತನೆಯ ಘಾತದವರೆಗೆ ಒಂದಾಗಿ ಕರಗಿಹೋಗಿ ಘನವಷ್ಟೇ ಉಳಿಯುತ್ತದೆ. ಒಂದರಿಂದ ಹತ್ತರವರೆಗಿನ ಘನಗಳನ್ನು ಹನ್ನೊಂದರಿಂದ ಭಾಗಿಸಿ ನೋಡಿದರೆ, ಮೂರು ಶೇಷ ಬರುವುದು ಒಂಬತ್ತರ ಘನಕ್ಕೆ ಮಾತ್ರ. ಆದ್ದರಿಂದ ಮೂಲದ ಶೇಷ 9.

ಏಳರಿಂದ ಭಾಗಿಸಿದರೆ 1, ಹನ್ನೊಂದರಿಂದ 9, ಹದಿಮೂರರಿಂದ 12 ಉಳಿಯುವ ಸಂಖ್ಯೆ ಯಾವುದು? 12, 25, 38, 51, 64 ಎಂದು ಹದಿಮೂರನ್ನು ಕೂಡುತ್ತ ಹೋದೆವು. 64ಕ್ಕೆ ಮೂರೂ ಒಪ್ಪಿದವು. 1001ರ ಒಳಗೆ ಇಂಥ ಸಂಖ್ಯೆ ಇದೊಂದೇ. ಎಂದರೆ ಮೂಲವನ್ನು 1001ರಿಂದ ಭಾಗಿಸಿದರೆ ಶೇಷ 64 ಆಗಲೇಬೇಕು.

ಈಗ ಮೂಲವನ್ನೇ ಗುಂಪು ಮಾಡಿ ನೋಡೋಣ. 546ನ್ನೂ 891ನ್ನೂ ಕೂಡಿದರೆ 1437. ಇದರಿಂದ ನಡುವಣ ಗುಂಪನ್ನು ಕಳೆದಾಗ, 1001ರ ಲೆಕ್ಕದಲ್ಲಿ 64 ಉಳಿಯಬೇಕು. 1437ರಿಂದ 64 ಕಳೆದರೆ 1373. ಮೂರು ಅಂಕಿಗಳ ಗುಂಪು ಅಷ್ಟು ದೊಡ್ಡದಿರಲಾರದು. 1001 ಕಳೆದರೆ 372.

"ಮುನ್ನೂರ ಎಪ್ಪತ್ತೆರಡು!" ಎಂದು ತಮ್ಮ ಕೂಗಿದ ಕೂಗಿಗೆ ಹಟ್ಟಿಯಲ್ಲಿ ಮಲಗಿದ್ದ ಹಸು ಎದ್ದು ನಿಂತಿತು. ಅವನು ಓಡಿಹೋಗಿ ಪತ್ರಿಕೆಯ ಆ ತುಂಡನ್ನು ತಂದ. ಡಲ್ಲಾಸಿನಲ್ಲಿ ಶಕುಂತಲಾದೇವಿಯವರು ಹೇಳಿದ ಉತ್ತರ ಅದರಲ್ಲಿ ಅಚ್ಚಾಗಿತ್ತು: 54,63,72,891. ನಮ್ಮ ಹಾಳೆಯ ಮೇಲಿದ್ದುದು 546, 372, 891.

ಆಮೇಲೆ ಆ ಮೂಲವನ್ನು ನೋಡುತ್ತ ಕುಳಿತಾಗ ಮತ್ತೊಂದು ಸೊಗಸು ಕಂಡಿತು. ಒಂದರಿಂದ ಒಂಬತ್ತರವರೆಗಿನ ಅಂಕಿಗಳೆಲ್ಲವೂ ಅದರಲ್ಲಿ ಒಂದೊಂದೇ ಸಲ ಬಂದಿವೆ. ಯಾರೋ ಬೇಕೆಂದೇ ಆರಿಸಿದ ಸಂಖ್ಯೆಯಿದು. ಅಂಕಿಗಳ ಮೊತ್ತ 45 ಆದ್ದರಿಂದ ಅದು ಒಂಬತ್ತರಿಂದ ಭಾಗವಾಗುತ್ತದೆ. ಭಾಗಿಸಿ ನೋಡಿದರೆ ಇನ್ನೊಮ್ಮೆ ಮೂರರಿಂದಲೂ ಭಾಗವಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಎಂದರೆ ಮೂಲದಲ್ಲಿ ಮೂರು ಎಂಬ ಅಪವರ್ತನ ಮೂರು ಸಲ ಅಡಗಿದೆ. ದೊಡ್ಡ ಸಂಖ್ಯೆಯಲ್ಲಿ ಅದು 69 ಸಲ ಅಡಗಿರಬೇಕು. ಪರೀಕ್ಷಿಸಬಯಸುವ ವಾಚಕರು 67 ಗುಂಪುಗಳನ್ನೂ ಸುಮ್ಮನೆ ಕೂಡಲಿ. ಮೊತ್ತ 33,534 ಬರುತ್ತದೆ. ಅದನ್ನು 27ರಿಂದ ಭಾಗಿಸಿದರೆ ನಿಶ್ಶೇಷವಾಗಿ 1,242.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಅಪಚಾರವಾದೀತು. ಶಕುಂತಲಾದೇವಿಯವರು ಇದೇ ದಾರಿಯಲ್ಲಿ ನಡೆದರೆಂದು ನಾನು ಹೇಳುತ್ತಿಲ್ಲ. ಪುಸ್ತಕ, ಸೀಸದಕಡ್ಡಿ, ಲಾಗ್ ಪಟ್ಟಿ, ಅವರೆಕಾಳು, ಮೇಷ್ಟ್ರು ಎಲ್ಲವನ್ನೂ ಇಟ್ಟುಕೊಂಡು ನಾವು ಎರಡು ದಿನ ಮಾಡಿದ್ದನ್ನು ಅವರು ಐವತ್ತು ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಮಾಡಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ 26 ಅಂಕಿಗಳ ಉತ್ತರವನ್ನು ಹೇಳಿದರು. ಅಲ್ಲಿ ಉತ್ತರದ ಪ್ರತಿಯೊಂದು ಅಂಕಿಯನ್ನೂ ಗಳಿಸಬೇಕು. ಮುಂದೆ ಹಿಂದೆ ನೋಡಿ ನಡುವಣದನ್ನು ಹಿಡಿಯುವ ನಮ್ಮ ಉಪಾಯ ನಡೆಯುವುದಿಲ್ಲ. ಅವರ ಶಕ್ತಿಯ ಮುಂದೆ ನಮ್ಮದು ಮಕ್ಕಳಾಟ. ಆದರೆ ಅವರು ಹತ್ತಿದ ಬೆಟ್ಟಕ್ಕೆ ಮೆಟ್ಟಿಲುಗಳೂ ಇವೆ ಎಂಬುದು ನಮಗೆ ಗೊತ್ತಾಯಿತು.

ಕೊನೆಯದಾಗಿ, ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಕಠಿಣವಲ್ಲ, ಚಿಕ್ಕದಾದ ಮಾತ್ರಕ್ಕೆ ಸುಲಭವೂ ಅಲ್ಲ ಎಂಬುದಕ್ಕೆ ಒಂದು ನಿದರ್ಶನ. ಅದೇ 1977ನೆಯ ಇಸವಿಯ ಆಗಸ್ಟಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಅಂಕಣವೊಂದರಲ್ಲಿ ಮತ್ತೊಂದು ಸಂಯುಕ್ತ ಸಂಖ್ಯೆ ಪ್ರಕಟವಾಯಿತು. ಅದರಲ್ಲಿದ್ದುದು 129 ಅಂಕಿಗಳು ಮಾತ್ರ. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ವಿದ್ವಾಂಸರು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಅದನ್ನು ಕಟ್ಟಿದ್ದರು. ಬಿಡಿಸಿದವರಿಗೆ ನೂರು ಡಾಲರ್ ಬಹುಮಾನವೆಂದು ಸಾರಿದ್ದರು. ಅದು ಬಿಚ್ಚಿಕೊಂಡದ್ದು 1994ರಲ್ಲಿ. ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ತಮ್ಮ ಕಂಪ್ಯೂಟರುಗಳನ್ನು ಆ ಕೆಲಸಕ್ಕೆ ಹೂಡಿದ ಮೇಲೆ, 64 ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳು ಹೊರಬಂದವು. 201 ಅಂಕಿಗಳದ್ದು ಐವತ್ತು ಸೆಕೆಂಡು, 129 ಅಂಕಿಗಳದ್ದು ಹದಿನೇಳು ವರ್ಷ!

ಈ ವ್ಯತ್ಯಾಸಕ್ಕೆ ಕಾರಣ ಕಟ್ಟಿದ ರೀತಿ. ಡಲ್ಲಾಸಿನ ಸಂಖ್ಯೆಯಲ್ಲಿ ಅಜ್ಞಾತವಾದದ್ದು ಒಂದೇ; ಅದೇ ಪಾದ ಇಪ್ಪತ್ತಮೂರು ಸಲ ಊರಿದೆ. ಆದ್ದರಿಂದ 771 ಎಂಬ ಅಂತ್ಯ 891ನ್ನೇ ತೋರಿಸಿತು. ಎರಡು ಬೇರೆ ಬೇರೆ ಸಂಖ್ಯೆಗಳ ಗುಣಲಬ್ಧವಾದರೆ ಹಾಗಲ್ಲ. 771 ಎಂದು ಕೊನೆಯಾಗುವ ಗುಣಲಬ್ಧಕ್ಕೆ ಮೊದಲನೆಯ ಸಂಖ್ಯೆಯ ಅಂತ್ಯವಾಗಿ 400 ಬಗೆಗಳು ಸಾಧ್ಯ. ಪ್ರತಿಯೊಂದಕ್ಕೂ ಒಂದು ಜೊತೆ ಸಿಗುತ್ತದೆ. ಯಾವುದು ನಿಜವೆಂದು ಅಂಕಿಗಳು ಹೇಳುವುದಿಲ್ಲ. ಇಂದು ನಾವು ಬ್ಯಾಂಕಿನ ಜಾಲತಾಣವನ್ನು ತೆರೆದಾಗ ನಮ್ಮ ಗುಟ್ಟನ್ನು ಕಾಯುವ ಬೀಗಗಳಲ್ಲಿ ಅನೇಕವು ಇದೇ ಜಾತಿಯವು. ಅವುಗಳಲ್ಲಿ 617 ಅಂಕಿಗಳ ಸಂಖ್ಯೆಗಳನ್ನು ಬಳಸುವುದು ವಾಡಿಕೆ. ಯಾವನಾದರೂ ಅಲ್ಲಿ ಒಂದೇ ಸಂಖ್ಯೆಯ ಘಾತವನ್ನಿಟ್ಟರೆ ಆ ಬೀಗವನ್ನು ಗುಡೇಮಾರನಹಳ್ಳಿಯ ಪಡಸಾಲೆಯಲ್ಲಿಯೇ ತೆಗೆಯಬಹುದು.

ನನ್ನ ತಮ್ಮ ಗಣಿತದಲ್ಲಿ ಮೊದಲಿಗನಾದನೆಂದು ಬರೆಯಲು ನನಗೂ ಆಸೆಯಿದೆ. ಹಾಗೇನೂ ಆಗಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನಿಗೆ ಎಂಬತ್ತಕ್ಕೆ ಮೂವತ್ತೊಂದು ಬಂದಿದೆ. ಆದರೆ ಪರೀಕ್ಷೆಗೆ ಕೂರುವುದಿಲ್ಲವೆಂಬ ಮಾತು ನಿಂತಿದೆ. ಕ್ಲಾರ್ಕ್ ಟೇಬಲನ್ನು ಮೇಷ್ಟ್ರಿಗೆ ಇನ್ನೂ ಹಿಂದಿರುಗಿಸಿಲ್ಲ. ಅಜ್ಜಿಯಂತೂ ಸರಸ್ವತಿಯೇ ಬರೆದದ್ದೆಂಬ ತನ್ನ ಮಾತನ್ನು ಬಿಟ್ಟುಕೊಟ್ಟಿಲ್ಲ. "ಬರೆದಿದ್ಲು ಕಣವ್ವ, ಆದ್ರೆ ಓದ್ಕೊಂಡಿದ್ದು ಆಯಮ್ಮನೇ ಅಲ್ವಾ?" ಎನ್ನುತ್ತಾಳೆ.

ಕಲಾ ವಿಭಾಗದ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಮೇಲೆ ಕೊಟ್ಟಿರುವ 67 ಗುಂಪುಗಳನ್ನು ಒಂದು ಸಂಜೆ ಕೂಡಿ ನೋಡಿರಿ. 33,534 ಬಂದರೆ ನನಗೆ ತಿಳಿಸಿರಿ. ಬಾರದಿದ್ದರೆ ಇನ್ನೊಮ್ಮೆ ಕೂಡಿರಿ. ನಮಗೂ ಮೊದಲ ಸಲ ಬಂದಿರಲಿಲ್ಲ.